ತಂದೆಯ ಬಂದೂಕು, ಮಗನ ಪರವಾನಗಿ

ಪಿತ್ರಾರ್ಜಿತವಾಗಿ ಕೈಸೇರುವ ವಸ್ತುಗಳಲ್ಲೆಲ್ಲ ಬಂದೂಕಿನ ಸ್ಥಿತಿ ವಿಲಕ್ಷಣವಾದುದು. ಹೊಲವು ವಾರಸಾ ಆಗಿ ಉತಾರದಲ್ಲಿ ಹೆಸರು ಕೂಡಿದೊಡನೆ ಮಗನದಾಗುತ್ತದೆ. ಮನೆ, ಎತ್ತು, ಬಂಗಾರ, ಗ್ರಂಥಭಂಡಾರ, ಇವೆಲ್ಲವೂ ಯಾರ ಅಪ್ಪಣೆಗೂ ಕಾಯದೆ ಅವನನ್ನು ಸೇರುತ್ತವೆ. ಬಂದೂಕು ಮಾತ್ರ, ಸ್ವತ್ತೆಂಬ ದೃಷ್ಟಿಯಿಂದ ಅವನದಾದರೂ, ಅವನ ಹೆಗಲನ್ನೇರುವ ಹಕ್ಕನ್ನು ತನ್ನೊಡನೆ ತರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ದೃಷ್ಟಿಯಲ್ಲಿ ಪರವಾನಗಿಯೆಂಬುದು ವ್ಯಕ್ತಿಗೆ ಕೊಟ್ಟದ್ದೇ ಹೊರತು ಮನೆತನಕ್ಕೆ ಕೊಟ್ಟದ್ದಲ್ಲ; ಆದಕಾರಣ ತಂದೆಯು ಕಾಲವಾದ ಮೇಲೆ ಆತನ ರೈಫಲ್ಲನ್ನು ಪೊಲೀಸ್ ಠಾಣೆಯಲ್ಲಾಗಲಿ ಪರವಾನಗಿಯುಳ್ಳ ಬಂದೂಕಿನ ವ್ಯಾಪಾರಿಯ ಬಳಿಯಲ್ಲಾಗಲಿ ಠೇವಣಿಯಿರಿಸಿ, ಮಗನಾದವನು ಜಿಲ್ಲಾಧಿಕಾರಿಗಳ ಮುಂದೆ ತಾನು ಯಾರು, ಎಂಥವನು ಎಂಬುದನ್ನು ಹೊಸದಾಗಿ ನಿವೇದಿಸಿಕೊಳ್ಳಬೇಕು. ಈ ಅಂಕಣವನ್ನು ಓದುವ ಹಿರಿಯರಿಗೆ ನನ್ನದೊಂದು ವಿಜ್ಞಾಪನೆಯುಂಟು. 2016ರ ನಿಯಮಗಳಂತೆ, ಪರವಾನಗಿದಾರನಿಗೆ 70 ವರ್ಷ ತುಂಬಿದಾಗ ಅಥವಾ ಅವನು ಆ ಆಯುಧವನ್ನು 25 ವರ್ಷ ಇಟ್ಟುಕೊಂಡಾಗ, ಇವುಗಳಲ್ಲಿ ಯಾವುದು ಮೊದಲೋ ಆಗ, ತಾನು ಹೆಸರಿಸಿದ ವಾರಸುದಾರನಿಗೆ ಬದುಕಿರುವಾಗಲೇ ಅದನ್ನು ವಹಿಸಿಕೊಡಲು ಅವಕಾಶವಿದೆ. ಹಾಗೆ ಮಾಡಿದರೆ ಬಂದೂಕಿನ ಜೊತೆಗೆ ಅದರ ವಿದ್ಯೆಯನ್ನೂ ಕೈಯಾರೆ ಕೊಡಬಹುದು; ಮಾಡದೆ ಹೋದರೆ ಮಕ್ಕಳಿಗೆ ದೊರಕುವುದು ಉಕ್ಕು ಮತ್ತು ಮರ ಮಾತ್ರ.

ರೋಣದಲ್ಲಿ ಕುಳಿತು ಪರವಾನಗಿಯ ಮಾತನ್ನೆತ್ತುವವನಿಗೆ ಇತಿಹಾಸದ ಭಾರ ತಟ್ಟದೆ ಇರದು. 1857ರಲ್ಲಿ ಕಂಪನಿ ಸರ್ಕಾರವು ಜನರ ಕೈಯಲ್ಲಿದ್ದ ಆಯುಧಗಳನ್ನು ನೋಂದಾಯಿಸಿ ಅಪ್ಪಣೆಯಿಲ್ಲದವುಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಹೊರಡಿಸಿದಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು, ಹಿರಿಯರಿಂದ ಬಂದ ಹತಾರಗಳನ್ನು ಒಪ್ಪಿಸಿ ಬದುಕುವುದಕ್ಕಿಂತ ಅವನ್ನು ಹಿಡಿದು ಸಾಯುವುದು ಲೇಸೆಂದು ನಿಶ್ಚಯಿಸಿ, ಆ ವರ್ಷದ ನವೆಂಬರಿನಲ್ಲಿ ಊರಿಗೆ ಊರೇ ಉರಿದುಹೋಗುವವರೆಗೆ ಕಾದಾಡಿದರು. ಆ ಕಾಳಗದ ಲಾವಣಿಯನ್ನು ಜೆ. ಎಫ್. ಫ್ಲೀಟರು ಸಂಗ್ರಹಿಸಿ ಅಚ್ಚು ಹಾಕಿಸಿದ್ದರಿಂದ ಲೋಕಕ್ಕೆ ತಿಳಿಯಿತು. ನಮ್ಮ ಕಡೆಯವರಿಗೆ ಅದು ಅಚ್ಚಾಗುವ ಮೊದಲೇ ಬಾಯಲ್ಲಿತ್ತು. ನಮ್ಮ ನೆರೆಯ ನರಗುಂದದ ಬಾಬಾಸಾಹೇಬರ ಸಂಕಟವಾದರೋ ಇಮ್ಮಡಿಯಾದುದು: ಪುತ್ರಸಂತಾನವಿಲ್ಲದ ಅವರಿಗೆ ದತ್ತಕದ ಅನುಮತಿಯನ್ನು ನಿರಾಕರಿಸಿದ ಸರ್ಕಾರವೇ ಅವರ ಸಂಸ್ಥಾನದ ಆಯುಧಗಳ ಮೇಲೂ ಕಣ್ಣಿಟ್ಟಿತು. 1858ರ ಮೇ ತಿಂಗಳ ಕೊನೆಯಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದುದೂ, ಕೆಲವೇ ದಿನಗಳಲ್ಲಿ ನರಗುಂದದ ಕೋಟೆ ಬಿದ್ದುದೂ, ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದುದೂ ಇಲ್ಲಿಯ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿಗಳು. ವಾರಸನ್ನು ಕೊಡೆವು, ಆಯುಧವನ್ನೂ ಇಡಗೊಡೆವು ಎಂಬ ಆಳರಸರ ನೀತಿಯಿಂದ ನೊಂದ ಮಣ್ಣು ಇದು. ಹೀಗಿದ್ದರೂ, ಸ್ವತಂತ್ರ ದೇಶದ ಕಾಯಿದೆಯು ವಾರಸುದಾರನನ್ನು ತಡೆದು ನಿಲ್ಲಿಸಿ ವಿಚಾರಿಸುವುದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ತಂದೆಯ ಕೈ ಸ್ಥಿರವಾಗಿತ್ತೆಂಬ ಮಾತ್ರಕ್ಕೆ ಮಗನ ಕೈಯೂ ಸ್ಥಿರವಾಗಿರಬೇಕೆಂಬ ನಿಯಮವಿಲ್ಲ. ಆಳರಸರು ಕೇಳಿದ್ದು ಅಂಜಿಕೆಯಿಂದ. ಇಂದು ಕೇಳುತ್ತಿರುವುದು ಅಕ್ಕಪಕ್ಕದವರ ಕ್ಷೇಮಕ್ಕಾಗಿ.

ನಮ್ಮ ತಂದೆಯವರಿಂದ ನನಗೆ ಬಂದದ್ದು ಬಿ.ಎಸ್.ಎ. ಕಂಪನಿಯ ಮಾರ್ಟಿನಿ ಮಾದರಿಯ ಪಾಯಿಂಟ್ ಟೂ-ಟೂ ರೈಫಲ್ಲು. ನಮ್ಮ ಊರಿನವರಿಗೆ ಬಿ.ಎಸ್.ಎ. ಎಂದರೆ ಸೈಕಲ್ಲು. ಆದರೆ 1861ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಂದೂಕು ಮಾಡುವವರು ಕೂಡಿ ಕಟ್ಟಿದ ಆ ಸಂಸ್ಥೆ ಸೈಕಲ್ಲಿಗೂ ಮೋಟಾರು ಸೈಕಲ್ಲಿಗೂ ಕೈಹಾಕಿದ್ದು ಅನಂತರ. ಬಂದೂಕಿನ ಉಕ್ಕಿನ ಪಕ್ಕದಲ್ಲಿ ಇಂದಿಗೂ ಕಾಣುವ, ಮೂರು ರೈಫಲ್ಲುಗಳನ್ನು ತುದಿಗೆ ತುದಿ ಕೂಡಿಸಿ ನಿಲ್ಲಿಸಿದ ಮುದ್ರೆಯೇ ಅದಕ್ಕೆ ಸಾಕ್ಷಿ. ಬೋಯರ್ ಯುದ್ಧದಲ್ಲಿ ತಮ್ಮ ಸೈನಿಕರಿಗಿಂತ ಅಲ್ಲಿಯ ಒಕ್ಕಲಿಗರೇ ಗುರಿಕಾರರೆಂಬುದನ್ನು ಕಂಡು ಎದೆಗುಂದಿದ ಇಂಗ್ಲೆಂಡಿನಲ್ಲಿ, ಕಾನ್ಪುರದಲ್ಲಿ ಹುಟ್ಟಿದ ಲಾರ್ಡ್ ರಾಬರ್ಟ್ಸರ ಪ್ರೋತ್ಸಾಹದಿಂದ, ಶ್ರಮಜೀವಿಗಳೂ ಅಲ್ಪವೆಚ್ಚದಲ್ಲಿ ಗುರಿ ಕಲಿಯಲೆಂದು ಊರೂರಿಗೂ ಸಣ್ಣ ರೈಫಲ್ಲಿನ ಸಂಘಗಳು ಹುಟ್ಟಿದವು. ಅವರಿಗಾಗಿಯೇ ಈ ಬಂದೂಕು ರೂಪುಗೊಂಡಿತು. ಇದರಲ್ಲಿ ಗುಂಡುಗಳನ್ನು ತುಂಬಿಡುವ ಮ್ಯಾಗಜೀನು ಇಲ್ಲ. ಟ್ರಿಗರಿನ ಹಿಂದಿರುವ ಸನ್ನೆಯನ್ನು ಕೆಳಕ್ಕೆಳೆದರೆ ಉಕ್ಕಿನ ಅಚ್ಚೊಂದು ಮುಂತಲೆ ಬಾಗಿಸಿ ಇಳಿಯುತ್ತದೆ. ಅದರ ಬೆನ್ನ ಮೇಲಿನ ಜಾಡಿನಲ್ಲಿ ಒಂದೇ ಒಂದು ಕಾಡತೂಸನ್ನು ಹೆಬ್ಬೆರಳಿನಿಂದ ನೂಕಬೇಕು. ಸನ್ನೆಯನ್ನು ಮೇಲೆತ್ತಿದೊಡನೆ ಬಾಗಿಲು ಮುಚ್ಚಿತು. ಒಂದು ಈಡಿಗೂ ಇನ್ನೊಂದು ಈಡಿಗೂ ನಡುವೆ ಮನಸ್ಸನ್ನು ಮರಳಿ ಕೂಡಿಸಿಕೊಳ್ಳಲು ವ್ಯವಧಾನ ಕೊಡುವ ಈ ರಚನೆಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ವೇಗವಾಗಿ ಗುಂಡು ಹಾರಿಸಬೇಕೆನ್ನುವವರಿಗೆ ಇದು ಬೇಡ.

ಹಳೆಯ ರೈಫಲ್ಲು ಕೈಗೆ ಬಂದವನು ಮೊದಲು ನೋಡಬೇಕಾದುದು ಅಕ್ರೋಟ ಮರದ ಬಟ್ಟಿನ ಹೊಳಪನ್ನಲ್ಲ, ನಳಿಗೆಯ ಒಳಗನ್ನು. ಬಾಗಿಲು ತೆರೆದು, ಕಾಡತೂಸು ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಹಿಂಬದಿಯಲ್ಲಿ ಬಿಳಿಯ ಕಾಗದದ ಚೂರೊಂದನ್ನು ಹಿಡಿದು ಬೆಳಕಿಗೆ ಆನಿಸಿದರೆ, ತಿರುಗುತ್ತ ಸಾಗುವ ಗೀರುಗಳು ಉದ್ದಕ್ಕೂ ಕಾಣಬೇಕು. ಆ ಕಾಲದ ಪಾಯಿಂಟ್ ಟೂ-ಟೂ ನಳಿಗೆಗಳು ಬಹುಮಟ್ಟಿಗೆ ಕೆಟ್ಟುಹೋದುದಕ್ಕೆ ಕಾರಣ ಗುಂಡಿನ ತಿಕ್ಕಾಟವಲ್ಲ. ಸೀಸದ ಮೃದುವಾದ ಗುಂಡು ಉಕ್ಕನ್ನು ಸವೆಸುವುದು ಅತ್ಯಲ್ಪ. ಅಂದಿನ ಕಾಡತೂಸಿನ ಕಿಡಿಮದ್ದಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟು ಉರಿದು ಒಂದು ಬಗೆಯ ಉಪ್ಪಾಗಿ ನಳಿಗೆಯಲ್ಲಿ ಉಳಿಯುತ್ತಿತ್ತು. ಆ ಉಪ್ಪು ಗಾಳಿಯ ತೇವವನ್ನು ಹೀರಿ, ಒಂದು ರಾತ್ರಿಯೊಳಗೇ ತುಕ್ಕನ್ನು ಬಿತ್ತುತ್ತಿತ್ತು. ಎಣ್ಣೆಯಲ್ಲಿ ಉಪ್ಪು ಕರಗದು, ನೀರಿನಲ್ಲಿ ಕರಗುತ್ತದೆ. ಇದನ್ನರಿತಿದ್ದ ನಮ್ಮ ತಂದೆಯವರು ಪ್ರತಿಸಲವೂ ನಳಿಗೆಗೆ ಕುದಿನೀರು ಹೊಯ್ದು, ಕಾದ ಉಕ್ಕು ತಾನಾಗಿ ಒಣಗಿದ ಮೇಲೆ ಪುಲ್-ಥ್ರೂ ಹಗ್ಗದಲ್ಲಿ ಚಿಂದಿಯನ್ನು ಸಿಕ್ಕಿಸಿ ಹಿಂದಿನಿಂದ ಮುಂದಕ್ಕೆ ಎಳೆಯುತ್ತಿದ್ದರು. ಹೊಸ ಕಾಡತೂಸುಗಳಲ್ಲಿ ಆ ಉಪ್ಪಿಲ್ಲವೆಂದು ತಿಳಿದ ಮೇಲೂ ಅವರು ಆ ಕ್ರಮವನ್ನು ಬಿಡಲಿಲ್ಲ. ಆ ಚಿಂದಿಯಾದರೂ ಎಂಥದು! ಗಜೇಂದ್ರಗಡದ ಮಗ್ಗದಲ್ಲಿ ನೆಯ್ದ, ನಮ್ಮ ತಾಯಿಯವರು ಉಟ್ಟು ಉಟ್ಟು ಮೆತ್ತಗಾದ ಪಟ್ಟೇದಂಚಿನ ಹತ್ತಿ ಸೀರೆಯ ಒಡಲು. ಅಂಗಡಿಯಲ್ಲಿ ಸಿಗುವ ಯಾವ ಬಟ್ಟೆಯೂ ಅದರಂತೆ ಎಣ್ಣೆಯನ್ನು ಹಿಡಿಯದು, ಅದರಂತೆ ನೂಲು ಬಿಡದೆ ಬಾರದು. ನಾನು ಪಕ್ಕದಲ್ಲಿ ಕುಳಿತು ಅವಸರ ಮಾಡಿದಾಗ ಅವರು ಹೇಳುತ್ತಿದ್ದುದು ಇಷ್ಟೇ: “ತಮ್ಮಾ, ಚಿಂದಿ ಬೆಳ್ಳಗ ಬರೂಮಟ ಎಳಿ. ಎಣ್ಣಿ ಆಮ್ಯಾಲೆ.” ಅಂತಹ ಸೀರೆಯ ತುಂಡುಗಳು ಇನ್ನೂ ಕೆಲವು ನನ್ನ ಪೆಟ್ಟಿಗೆಯಲ್ಲಿವೆ, ಮುಗಿದ ಮೇಲೆ ಗಜೇಂದ್ರಗಡದಿಂದ ಹೊಸದನ್ನು ತಂದು, ಒಗೆದು ಒಗೆದು ಹದಕ್ಕೆ ತರಬೇಕು.

ಈ ಬಂದೂಕಿನಿಂದ ಬೇಟೆಯಾಡಿದವರಲ್ಲ ನಮ್ಮ ತಂದೆಯವರು. ವನ್ಯಜೀವಿ ಸಂರಕ್ಷಣೆಯ 1972ರ ಕಾಯಿದೆ ಬರುವುದಕ್ಕೂ ಮುಂಚೆ, ನಮ್ಮ ಎರೆಯ ಹೊಲಗಳಲ್ಲಿ ಚಿಗರಿಯ ಹಿಂಡುಗಳು ಕಡಲೆಯ ಬೆಳೆಗೆ ನುಗ್ಗುತ್ತಿದ್ದಾಗ ನೆರೆಯವರು ಬಂದು ಒತ್ತಾಯಿಸಿದ್ದುಂಟು. “ಇದರ ಏಟು ತಿಂದ ಚಿಗರಿ ಎಲ್ಲ್ಯೋ ಹೋಗಿ ಬಿದ್ದು ನಳ್ಳಿ ಸಾಯ್ತದ. ಅದು ಬ್ಯಾಟಿ ಅಲ್ಲ,” ಎಂದು ಅವರು ಬಂದೂಕನ್ನು ಹೊರಗೇ ತೆಗೆಯಲಿಲ್ಲ. 40 ಗ್ರೇನಿನ, ಎಂದರೆ ಎರಡೂವರೆ ಗ್ರಾಮಿಗೆ ತುಸು ಮಿಕ್ಕ ತೂಕದ ಗುಂಡಿಗೆ ಕಾಗದದ ಗುರಿಯೇ ಯೋಗ್ಯವಾದ ಗುರಿ. ಚಿಗರಿ ಇಂದಿಗೂ ನಮ್ಮ ಹೊಲಕ್ಕೆ ಬರುತ್ತದೆ. ಅದರಿಂದಾಗುವ ನಷ್ಟ ಸಣ್ಣದೇನೂ ಅಲ್ಲ. ಆದರೂ ಆ ಪ್ರಶ್ನೆಗೆ ಈ ರೈಫಲ್ಲು ಉತ್ತರವಲ್ಲವೆಂಬ ಅವರ ತೀರ್ಪು ನನ್ನದೂ ಹೌದು.

ಇನ್ನು ಕಾಡತೂಸಿನ ವಿಚಾರ. ಇಂದು ನಾವು ಹಾರಿಸುವ ಉದ್ದದ ಪಾಯಿಂಟ್ ಟೂ-ಟೂ ಕಾಡತೂಸು 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿಯಲ್ಲಿ ರೂಪುಗೊಂಡದ್ದು. ಅದರ ಮೂಲಸ್ವರೂಪ ಇಂದಿಗೂ ಅದೇ. ಕಿಡಿಮದ್ದು ತಳದ ನಡುವಿನಲ್ಲಿರದೆ ಅಂಚಿನ ಮಡಿಕೆಯೊಳಗೆ ಹರಡಿಕೊಂಡಿರುತ್ತದೆ, ಸೂಜಿ ಆ ಅಂಚನ್ನೇ ಹೊಡೆಯುತ್ತದೆ. ಆದ್ದರಿಂದ ಬರಿದಾದ ನಳಿಗೆಯ ಮೇಲೆ ಟ್ರಿಗರ್ ಎಳೆಯುತ್ತ ಆಡುವುದು ಸಲ್ಲದು, ಕಾಡತೂಸಿಲ್ಲದಾಗ ಸೂಜಿಯ ಏಟು ಉಕ್ಕಿನ ಅಂಚಿಗೇ ಬೀಳುತ್ತದೆ. ಅಭ್ಯಾಸಕ್ಕೆ ಹಾರಿದ ಖಾಲಿ ಖೋಕಾವೊಂದನ್ನು ಒಳಗಿಟ್ಟುಕೊಳ್ಳುವುದು ಕ್ಷೇಮ. ಕಾಡತೂಸುಗಳಲ್ಲಿ ಅತಿವೇಗದವು ಉತ್ತಮವೆಂಬ ಭ್ರಾಂತಿ ಬಹುಜನರಿಗಿದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾದುದು. ಸೆಕೆಂಡಿಗೆ ಸುಮಾರು 1,080 ಅಡಿ ವೇಗದ ಸಾಧಾರಣ ಗುಂಡು ಶಬ್ದದ ವೇಗಕ್ಕಿಂತ ತುಸು ಕೆಳಗೇ ಉಳಿದು, ಹೊರಟ ಲಯದಲ್ಲಿಯೇ ಸಾಗುತ್ತದೆ. ಅತಿವೇಗದ ಗುಂಡು ಶಬ್ದವನ್ನು ಮೀರಿ ಹೊರಟು, ಗಾಳಿಯ ಪ್ರತಿರೋಧದಿಂದ ತನ್ನ ವೇಗವನ್ನು ಹಠಾತ್ತಾಗಿ ಕಳೆದುಕೊಂಡು, ಅದೇ ಕಾರಣದಿಂದ ಅಡ್ಡಗಾಳಿಗೆ ಹೆಚ್ಚು ಸರಿಯುತ್ತದೆ. ಮೆಲ್ಲಗೆ ಹೋಗುವ ಗುಂಡೇ ಗಾಳಿಯನ್ನು ಹೆಚ್ಚು ತಾಳುತ್ತದೆ ಎಂಬುದನ್ನು ಕಾಗದದ ಮೇಲೆ ಕಾಣುವವರೆಗೂ ಯಾರೂ ನಂಬುವುದಿಲ್ಲ. ಗಂಟೆಗೆ 10 ಮೈಲಿಯ ಅಡ್ಡಗಾಳಿಯಲ್ಲಿ ಸಾಧಾರಣ ಗುಂಡು 50 ಗಜಕ್ಕೆ ಸುಮಾರು ಒಂದು ಇಂಚು ಸರಿಯುತ್ತದೆ. 50 ಮೀಟರಿನ ಗುರಿಯಲ್ಲಿ ಹತ್ತಂಕದ ವೃತ್ತದ ವ್ಯಾಸವೇ 10.4 ಮಿಲಿಮೀಟರು! ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೆಡುವಷ್ಟು ಗಾಳಿಯುಳ್ಳ ಸೀಮೆಯಲ್ಲಿ ಬೆಳೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂಗಾರಿನ ಪಡುವಣ ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಅಲೆಯಲೆಯಾಗಿ ಬರುತ್ತದೆ. ಎರಡು ಅಲೆಗಳ ನಡುವೆ ಜೋಳದ ಗರಿಗಳು ನೆಟ್ಟಗಾಗುವ ಕ್ಷಣವೊಂದಿದೆ. ಹೊಲದಲ್ಲಿ ಕಂಡ ಆ ಲಯವನ್ನೇ ನಾನು ರೇಂಜಿನ ಬಾವುಟಗಳಲ್ಲಿ ಹುಡುಕುತ್ತೇನೆ. ಉಸಿರನ್ನು ಅರ್ಧ ಬಿಟ್ಟು, ಬಾವುಟ ಸೋಲುವುದನ್ನು ಕಾದು, ಟ್ರಿಗರಿನ ಮೇಲೆ ಭಾರವನ್ನು ತಿಳಿಯದಂತೆ ಏರಿಸುತ್ತ ಹೋದರೆ, ಈ ಮುದಿ ರೈಫಲ್ಲು ಐದು ಗುಂಡುಗಳನ್ನು ಒಂದು ರೂಪಾಯಿಯ ನಾಣ್ಯದಲ್ಲಿ ಮುಚ್ಚಬಹುದಾದಷ್ಟು ಜಾಗದಲ್ಲಿ ಇಂದಿಗೂ ಕೂಡಿಸುತ್ತದೆ.

ಆದಕಾರಣವೇ ನನಗೆ ಹಿತವೆನಿಸದ ಪದ್ಧತಿಯೊಂದರ ಕುರಿತು ಹೇಳಬೇಕಾಗಿದೆ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಹಿರಿಯರ ಬಂದೂಕು ವರ್ಷಕ್ಕೊಮ್ಮೆ, ಖಂಡೆಪೂಜೆಯ ದಿನ, ಕಪಾಟಿನಿಂದ ಹೊರಬಂದು, ವಿಭೂತಿ ಕುಂಕುಮ ಧರಿಸಿ, ಮರುದಿನ ಬನ್ನಿ ಮುಡಿಯುವಷ್ಟರಲ್ಲಿ ಮತ್ತೆ ಒಳಸೇರುತ್ತದೆ. ಪೂಜೆ ನಮ್ಮ ಮನೆಯಲ್ಲಿಯೂ ನಡೆಯುತ್ತದೆ, ನಡೆಯತಕ್ಕದ್ದೇ. ಆದರೆ ಕುಂಕುಮದ ತೇವವನ್ನು ಉಕ್ಕಿನ ಮೇಲೆ ಬಿಟ್ಟು ವರ್ಷವಿಡೀ ಬಾಗಿಲು ಹಾಕುವುದು ಭಕ್ತಿಯಾಗಲಾರದು. ಅದೇ ಬಗೆಯಾಗಿ, ಹಳೆಯ ನೀಲಿಛಾಯೆಯನ್ನು ಉಜ್ಜಿ ತೆಗೆದು ಹೊಸ ಬಣ್ಣವೇರಿಸಿ, ಮರಕ್ಕೆ ವಾರ್ನಿಷು ಬಳಿದು ಹೊಳೆಯಿಸುವವರನ್ನು ಕಂಡಾಗಲೂ ನನಗೆ ನೋವಾಗುತ್ತದೆ. ಎಡಗೈ ಆನುವ ಕಡೆ ತಂದೆಯವರ ಬೆವರಿನಿಂದ ಕಪ್ಪಾದ ಮರವನ್ನೂ, ಸನ್ನೆಯ ತುದಿಯಲ್ಲಿ ಅವರ ಬೆರಳಿನಿಂದ ಬೆಳ್ಳಗಾದ ಉಕ್ಕನ್ನೂ ನಾನು ಮುಟ್ಟಿಲ್ಲ, ಮುಟ್ಟಗೊಡುವುದೂ ಇಲ್ಲ. ಸವೆದ ಸ್ಪ್ರಿಂಗನ್ನು ಬದಲಿಸಬೇಕು, ಸಡಿಲಾದ ತಿರುಪನ್ನು ಬಿಗಿಯಬೇಕು, ಕಾಲಕಾಲಕ್ಕೆ ಅನುಮತಿಯುಳ್ಳ ರೇಂಜಿಗೆ ಒಯ್ದು ಹಾರಿಸಬೇಕು. ಉಳಿದುದನ್ನು ಇದ್ದಂತೆಯೇ ಇರಗೊಡಬೇಕು.

ಈ ವಿದ್ಯೆ ನಮ್ಮ ಸೀಮೆಗೆ ದೂರದ್ದೆಂದು ತಿಳಿಯುವವರು 2024ರ ಆಗಸ್ಟ್ 1ನ್ನು ನೆನೆಯಬಹುದು. ಅಂದು ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ, ಇದೇ ಪಾಯಿಂಟ್ ಟೂ-ಟೂ ಕಾಡತೂಸಿನಿಂದ, 451.4 ಅಂಕ ಗಳಿಸಿ ಕಂಚನ್ನು ತಂದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಗೆ ತಾಗಿದ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ದೊರೆತ ಮೊದಲ ಒಲಿಂಪಿಕ್ ಪದಕವದು.

ನನ್ನ ಮಗಳು ಎನ್.ಸಿ.ಸಿ.ಯಲ್ಲಿ ಗುರಿ ಕಲಿತು ಬಂದವಳು. ಪುಲ್-ಥ್ರೂ ಎಳೆಯುವುದರಲ್ಲಿ ನನಗಿಂತ ತಾಳ್ಮೆಯುಳ್ಳವಳು. 21 ವರ್ಷ ತುಂಬುವವರೆಗೆ ಅವಳ ಹೆಸರಿಗೆ ಪರವಾನಗಿ ಸಿಗದು. ಈ ಬಂದೂಕಿನ ಬಟ್ಟು ಅವಳ ತೋಳಿಗೆ ಉದ್ದವಾಯಿತೆಂದೂ, ಒಂದು ಇಂಚು ಕೊಯ್ಸಿದರೆ ಸರಿಹೋಗುವುದೆಂದೂ ಬಲ್ಲವರೊಬ್ಬರು ಸಲಹೆಯಿತ್ತರು. ನಾನು ಒಪ್ಪಲಿಲ್ಲ, ಅವಳೂ ಒಪ್ಪಲಿಲ್ಲ. ಸದ್ಯಕ್ಕೆ ಅವಳು ರೇಂಜಿನಲ್ಲಿರುವ ಬೇರೆ ರೈಫಲ್ಲಿನಲ್ಲಿ ಅಭ್ಯಾಸ ಮಾಡುತ್ತಾಳೆ, ನನ್ನ ಸರದಿಯಲ್ಲಿ ಪಕ್ಕದಲ್ಲಿ ನಿಂತು ಬಾವುಟವನ್ನು ನೋಡಿ ಗಾಳಿ ಹೇಳುತ್ತಾಳೆ. ವಾರಸುದಾರರ ಹೆಸರು ಕೊಡುವ ಕಾಲ ಬಂದಾಗ ಅರ್ಜಿಯಲ್ಲಿ ಬರೆಯಬೇಕಾದ ಹೆಸರು ಯಾವುದೆಂಬುದು ನಮ್ಮ ಮನೆಯಲ್ಲಿ ಆಗಲೇ ತೀರ್ಮಾನವಾಗಿದೆ.