ಗ್ರೇಟಿಂಗ್ ಗಣನೆಯಲ್ಲಿ ಅಭಿಸರಣದ ಪ್ರಶ್ನೆ

ಗಾಜಿನ ಅಥವಾ ಲೋಹದ ಫಲಕದ ಮೇಲೆ ಸಮಾನಾಂತರವಾಗಿ, ಒತ್ತೊತ್ತಾಗಿ ಕೊರೆದ ಗೆರೆಗಳ ಸಾಲಿಗೆ ಗ್ರೇಟಿಂಗ್ ಎಂದು ಹೆಸರು. ಅದರ ಮೇಲೆ ಬಿದ್ದ ಬೆಳಕು ಯಾವ ಯಾವ ದಿಕ್ಕಿಗೆ ಒಡೆಯುವುದೆಂಬುದನ್ನು ಸರಳವಾದ ಸೂತ್ರವೊಂದು ಹೇಳಬಲ್ಲುದು; ಒಂದೊಂದು ದಿಕ್ಕಿಗೆ ಎಷ್ಟು ಪಾಲು ಸಲ್ಲುವುದೆಂಬುದಕ್ಕೆ ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನೇ ಬಿಡಿಸಬೇಕು. ಮೊಹರಮ್ ಮತ್ತು ಗೇಲಾರ್ಡ್ ಅವರು 1981ರಲ್ಲಿ ಪ್ರಕಟಿಸಿದ ಯುಗ್ಮತರಂಗ ವಿಧಾನವು ಪದಾರ್ಥದ ಗುಣವನ್ನೂ ಕ್ಷೇತ್ರವನ್ನೂ ಫೂರಿಯೇ ಶ್ರೇಢಿಗಳಾಗಿ ಬರೆದು, ಆ ಅನಂತ ಶ್ರೇಢಿಗಳನ್ನು ಒಂದೆಡೆ ಕತ್ತರಿಸಿ ಗಣಿಸುತ್ತದೆ. ಪದಗಳನ್ನು ಹೆಚ್ಚಿಸಿದಂತೆ ಉತ್ತರವು ನೆಲೆಗೊಳ್ಳಬೇಕೆಂಬುದು ನ್ಯಾಯ.

ಲೋಹದ ಗೆರೆಗಳ ವಿಷಯದಲ್ಲಿ, ಕಾಂತಕ್ಷೇತ್ರವು ಗೆರೆಗಳಿಗೆ ಸಮಾನಾಂತರವಾಗಿರುವ ಧ್ರುವೀಕರಣದಲ್ಲಿ, ಈ ನ್ಯಾಯವು ಬಹುಕಾಲ ನಡೆಯಲಿಲ್ಲ. ನೂರಾರು ಪದಗಳನ್ನು ಸೇರಿಸಿದರೂ ಉತ್ತರವು ಅಲುಗುತ್ತಲೇ ಇದ್ದಿತು. ಲೀ ಮತ್ತು ಹ್ಯಾಗನ್ಸ್ ಅವರು 1993ರಲ್ಲಿ ಈ ದೋಷವನ್ನು ಸ್ಪಷ್ಟವಾಗಿ ಎತ್ತಿ ತೋರಿಸಿದರು. ಶಕ್ತಿಯ ಲೆಕ್ಕ ಸರಿಹೊಂದಿದರೆ ಉತ್ತರವೂ ಸರಿಯೆಂದು ನಂಬುವವರು ಇಲ್ಲಿಯೇ ಮೋಸಹೋಗುವರು: ಬೆಳಕನ್ನು ಹೀರದ ಪದಾರ್ಥದಲ್ಲಿ, ಎಷ್ಟೇ ಕಡಮೆ ಪದಗಳಿದ್ದರೂ, ಈ ವಿಧಾನವು ಶಕ್ತಿಯ ಮೊತ್ತವನ್ನು ಒಂದಕ್ಕೆ ಕೂಡಿಸಿಯೇ ಕೊಡುತ್ತದೆ. ಮೊತ್ತ ಸರಿಯಿದ್ದು ಪಾಲುಗಳೆಲ್ಲ ತಪ್ಪಾಗಿರಬಹುದು.

1996ರಲ್ಲಿ ಲಲಾನ್ ಮತ್ತು ಮಾರಿಸ್ ಒಂದು ಕಡೆ, ಗ್ರಾನೆ ಮತ್ತು ಗಿಜಾಲ್ ಇನ್ನೊಂದು ಕಡೆ, ಸಮೀಕರಣದಲ್ಲಿ ಒಂದು ಮಾತೃಕೆಯ ಬದಲು ಇನ್ನೊಂದರ ವಿಲೋಮವನ್ನಿಟ್ಟರೆ ಉತ್ತರವು ಬೇಗನೆ ನಿಲ್ಲುವುದೆಂದು ಕಂಡುಕೊಂಡರು. ಅದೇ ವರ್ಷ ಲೀಫೆಂಗ್ ಲೀ ಅವರ ಪ್ರಬಂಧ ಬಂದಿತು. ಶುದ್ಧಪಾಠವನ್ನು ಗುರುತಿಸಿದವರು ಮೊದಲಿನವರು. ಅದು ಏಕೆ ಶುದ್ಧವೆಂಬುದಕ್ಕೆ ವ್ಯಾಕರಣವನ್ನು ಕೊಟ್ಟವರು ಲೀ. ಗೋಡೆಯಲ್ಲಿ ಪರಾವೈದ್ಯುತಾಂಕವೂ ವಿದ್ಯುತ್‌ಕ್ಷೇತ್ರದ ಲಂಬಾಂಶವೂ ಒಮ್ಮೆಗೇ ಜಿಗಿಯುತ್ತವೆ. ಆದರೆ ಅವುಗಳ ಗುಣಲಬ್ಧವು ಜಿಗಿಯುವುದಿಲ್ಲ. ಒಂದರ ಏರನ್ನು ಇನ್ನೊಂದರ ಇಳಿತವು ತುಂಬುವ ಈ ಪೂರಕ ಸಂಬಂಧವನ್ನು, ಕತ್ತರಿಸಿದ ಶ್ರೇಢಿಗಳನ್ನು ಎಂದಿನಂತೆ ಗುಣಿಸುವ ಲೋರಾನ್ ನಿಯಮವು ಕಾಪಾಡಲಾರದು. ಅಲ್ಲಿ ಪರಾವೈದ್ಯುತಾಂಕದ ವ್ಯುತ್ಕ್ರಮಕ್ಕೆ ಮಾತೃಕೆಯನ್ನು ರಚಿಸಿ, ಅದರ ವಿಲೋಮವನ್ನು ಬಳಸತಕ್ಕದ್ದು. ಎರಡೂ ಒಂದೆಡೆ ಜಿಗಿಯದಿದ್ದಲ್ಲಿ ಹಳೆಯ ನಿಯಮವೇ ಸಾಕು. ಒಂದೆಡೆ ಜಿಗಿದೂ ಪೂರಕವಲ್ಲದಿದ್ದರೆ ಎರಡೂ ನಿಯಮಗಳು ನಿರುಪಯುಕ್ತ. ಅನಂತದಲ್ಲಿ ಸಮವಾದ ಎರಡು ಸೂತ್ರಗಳು ಕತ್ತರಿಸಿದೊಡನೆ ಬೇರೆಯಾಗುವುವೆಂಬ ಈ ವಿವೇಚನೆಯೇ ಪ್ರಬಂಧದ ಸತ್ತ್ವ. ಅದುವರೆಗೆ ಯಂತ್ರದ ಶಕ್ತಿ ಸಾಲದೆಂದು ದೂರುತ್ತಿದ್ದವರಿಗೆ, ಕೊರತೆಯು ಯಂತ್ರದ್ದಲ್ಲ, ಬರೆಹದ್ದೆಂದು ಅದು ತೋರಿಸಿಕೊಟ್ಟಿತು.

ಆದರೂ ಅದರ ಮೇರೆಯನ್ನು ಮರೆಯಲಾಗದು. ಅಲ್ಲಿಯ ಪ್ರಮೇಯಗಳು ಗುಣಲಬ್ಧವನ್ನು ಕುರಿತವೇ ಹೊರತು ಇಡೀ ಗಣನೆಯನ್ನು ಕುರಿತವಲ್ಲ. ಇಳಿಜಾರಾದ ಗೋಡೆಯನ್ನು ಮೆಟ್ಟಿಲುಗಳಾಗಿ ಕಡಿದು ಗಣಿಸುವವರಿಗೆ ನಿಯಮದ ಪಾಲನೆಯೊಂದೇ ರಕ್ಷೆಯಾಗದು; ಲೋಹದಲ್ಲಿ ಒಂದೊಂದು ಮೆಟ್ಟಿಲಿನ ಮೂಲೆಯಲ್ಲಿಯೂ ಇಲ್ಲದ ಕ್ಷೇತ್ರಶಿಖರ ಏಳುವುದೆಂದು ಪೊಪೊವ್ ಮೊದಲಾದವರು 2002ರಲ್ಲಿ ವಿವರಿಸಿದರು. ನಷ್ಟವೇ ಇಲ್ಲದ ಲೋಹವೆಂದು ಕಲ್ಪಿಸಿದರೆ ಕಷ್ಟವು ಇನ್ನೂ ಆಳವಾದುದು. ಲಂಬಕೋನದ ಮೂಲೆಯಲ್ಲಿ ಎರಡು ಪದಾರ್ಥಗಳ ಪರಾವೈದ್ಯುತಾಂಕಗಳ ನಿಷ್ಪತ್ತಿಯು -3ಕ್ಕೂ -1/3ಕ್ಕೂ ನಡುವೆ ಬಿದ್ದರೆ, ಕ್ಷೇತ್ರದ ಸ್ವರೂಪವೇ ಕೆಟ್ಟು, ಪದಗಳನ್ನು ಎಷ್ಟು ಹೆಚ್ಚಿಸಿದರೂ ಗಣನೆಯು ನೆಲೆಗೊಳ್ಳದು. 2011ರಲ್ಲಿ ಇದನ್ನು ವಿಶದಪಡಿಸಿದವರು ಲೀ ಅವರೇ, ಗ್ರಾನೆ ಅವರೊಡನೆ. ಅಂತಹ ಪ್ರಸಂಗದಲ್ಲಿ ತಿದ್ದಬೇಕಾದುದು ಗಣನೆಯನ್ನಲ್ಲ, ಲೋಹಕ್ಕೆ ಸಹಜವಾದ ನಷ್ಟವನ್ನು ಬಿಟ್ಟು ಕಲ್ಪಿಸಿದ ಮಾದರಿಯನ್ನು.