ನೆನಪೇ ಮನುಷ್ಯನೆ?: ‘ಡಾರ್ಕ್ ಸಿಟಿ’ಯ ಕೊಲೆ ತನಿಖೆ

ಹೋಟೆಲಿನ ಸ್ನಾನದ ತೊಟ್ಟಿಯಲ್ಲಿ ಒಬ್ಬನಿಗೆ ಎಚ್ಚರವಾಗುತ್ತದೆ. ತಾನು ಯಾರೆಂಬುದೇ ಅವನಿಗೆ ನೆನಪಿಲ್ಲ. ಪಕ್ಕದ ಕೋಣೆಯಲ್ಲಿ ಕೊಲೆಯಾದ ಹೆಣ್ಣಿನ ಹೆಣ, ಅದರ ಮೈಮೇಲೆ ರಕ್ತದ ಸುರುಳಿಗಳು. ಅಷ್ಟರಲ್ಲಿ ಫೋನ್ ಬರುತ್ತದೆ: ನಿನ್ನನ್ನು ಹುಡುಕಿಕೊಂಡು ಬರುತ್ತಿದ್ದಾರೆ, ಅಲ್ಲಿಂದ ಹೊರಡು. ಅಲೆಕ್ಸ್ ಪ್ರೊಯಾಸ್ ನಿರ್ದೇಶಿಸಿದ ‘ಡಾರ್ಕ್ ಸಿಟಿ’ (1998) ಶುರುವಾಗುವುದು ಹೀಗೆ.

1940ರ ದಶಕದ ಹಾಲಿವುಡ್ ‘ನ್ವಾರ್’ ಅಪರಾಧ ಚಿತ್ರಗಳನ್ನು ಬಲ್ಲವರಿಗೆ ಇಲ್ಲಿನ ಸರಕೆಲ್ಲ ಪರಿಚಿತ. ಟೋಪಿ, ಉದ್ದ ಕೋಟು ತೊಟ್ಟ ಪತ್ತೇದಾರ, ಕ್ಲಬ್ಬಿನಲ್ಲಿ ಹಾಡುವ ಹೆಂಡತಿ, ಬೆಳಗೇ ಆಗದ ಊರು. ಮುಂದೆ ಬಂದ ಎಷ್ಟೋ ವೈಜ್ಞಾನಿಕ ಚಿತ್ರಗಳು ಇದನ್ನೆಲ್ಲ ಅಲಂಕಾರಕ್ಕೆಂದು ಎರವಲು ಪಡೆದಿವೆ. ‘ಡಾರ್ಕ್ ಸಿಟಿ’ ಪಡೆದಿರುವುದು ಆ ಚಿತ್ರಗಳ ಮೂಲ ಸಂಕಟವನ್ನು. ಹಳೆಯ ನ್ವಾರ್ ನಾಯಕ ತನ್ನ ಗತಕಾಲದಿಂದ ತಪ್ಪಿಸಿಕೊಳ್ಳಲಾರದೆ ಒದ್ದಾಡುತ್ತಿದ್ದ. ಇಲ್ಲಿನ ಜಾನ್ ಮರ್ಡಾಕ್‌ಗೆ (ರೂಫಸ್ ಸ್ಯೂಯೆಲ್) ಎದುರಾಗುವ ಪ್ರಶ್ನೆ ಇನ್ನೂ ಘೋರ: ಆ ಗತಕಾಲ ತನ್ನದೇ ಅಲ್ಲದಿದ್ದರೆ?

ಗುಟ್ಟು ಬಿಡಿಸದೆ ಈ ಚಿತ್ರದ ಗುಣವನ್ನು ಹೇಳಲಾಗದು. ಊರನ್ನು ಆಳುತ್ತಿರುವವರು ಅಳಿವಿನಂಚಿನ ಅನ್ಯಗ್ರಹ ಜೀವಿಗಳು. ಮನುಷ್ಯರ ಹೆಣಗಳನ್ನೇ ಮೈಯಾಗಿ ಮಾಡಿಕೊಂಡವರು. ಮಧ್ಯರಾತ್ರಿ ಊರಿಗೆ ಊರನ್ನೇ ನಿದ್ದೆಗೆ ಕೆಡವಿ, ಕಟ್ಟಡಗಳನ್ನು ಬದಲಿಸಿ, ಡಾಕ್ಟರ್ ಶ್ರೇಬರ್‌ನ (ಕೀಫರ್ ಸದರ್ಲೆಂಡ್) ಕೈಯಲ್ಲಿ ಜನರ ಹಣೆಗೆ ಹೊಸ ನೆನಪುಗಳನ್ನು ಚುಚ್ಚಿಸುತ್ತಾರೆ. ಬಡ ದಂಪತಿಯ ಊಟದ ಮೇಜು ನೋಡುನೋಡುತ್ತ ಉದ್ದವಾಗಿ, ಗೋಡೆಗಳು ಹಿಂದೆ ಸರಿದು, ಎಚ್ಚರವಾಗುವ ಹೊತ್ತಿಗೆ ಅವರು ಹುಟ್ಟು ಶ್ರೀಮಂತರಂತೆ ಮಾತಾಡುತ್ತಾರೆ. ಇಡೀ ಚಿತ್ರದ ವಾದ ಆ ಒಂದು ದೃಶ್ಯದಲ್ಲಿದೆ. ಕೊಲೆಗಾರನ ನೆನಪು ತುಂಬಿದ ಮಾತ್ರಕ್ಕೆ ಒಬ್ಬನು ಕೊಲೆ ಮಾಡುತ್ತಾನೆಯೆ ಎಂಬುದು ಆ ಜೀವಿಗಳು ಮನುಷ್ಯರ ಮೇಲೆ ನಡೆಸುತ್ತಿರುವ ಪರೀಕ್ಷೆಯ ಪ್ರಶ್ನೆ. ಹಾಗಾಗಿ ಕೊಂದವರು ಯಾರು ಎಂದು ಶುರುವಾದ ತನಿಖೆ ಮನುಷ್ಯ ಎಂದರೇನು ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇದಕ್ಕೆ ಪ್ರೊಯಾಸ್ ಕೊಡುವ ಮೊದಲ ಸುಳಿವು ಒಂದು ಪುಟ್ಟ ಮೀನು. ಗಾಜಿನ ಪಾತ್ರೆ ಬಿದ್ದು ಒಡೆದಾಗ, ಭಯದಲ್ಲಿ ನಡುಗುತ್ತಿರುವ ಮರ್ಡಾಕ್ ನೆಲದಲ್ಲಿ ಹೊರಳಾಡುವ ಮೀನನ್ನೆತ್ತಿ ತೊಟ್ಟಿಯ ನೀರಿಗೆ ಬಿಡುತ್ತಾನೆ. ಸಾಯುವ ಮೀನನ್ನು ಉಳಿಸುವವನು ಎಂಥ ಕೊಲೆಗಾರ ಎಂದು ಇನ್‌ಸ್ಪೆಕ್ಟರ್ ಬಮ್‌ಸ್ಟೆಡ್ (ವಿಲಿಯಂ ಹರ್ಟ್) ಯೋಚಿಸುತ್ತಾನೆ. ನೆನಪಿಲ್ಲದವನಲ್ಲೂ ಕರುಣೆ ಉಳಿದಿದೆ. ಪತ್ತೇದಾರಿ ಕಥೆಯ ಸಾಕ್ಷ್ಯವೊಂದು ಇಲ್ಲಿ ತತ್ತ್ವದ ಸಾಕ್ಷ್ಯವೂ ಆಗಿದೆ. ಹೆಂಡತಿ ಎಮ್ಮಾಳ (ಜೆನಿಫರ್ ಕಾನೆಲಿ) ಪಾಡು ಇನ್ನೂ ಮನಕಲಕುವಂಥದ್ದು. ಎಂದೂ ನಡೆಯದ ದ್ರೋಹವೊಂದಕ್ಕೆ ಅವಳು ನಿಜವಾಗಿ ಕೊರಗುತ್ತಾಳೆ. ನೆನಪು ಸುಳ್ಳಾದರೂ ಅವಳ ನೋವು ಸುಳ್ಳಲ್ಲ.

ಆದರೆ ಕೊನೆಯ ಭಾಗದಲ್ಲಿ ಚಿತ್ರ ತನ್ನ ಮಾತಿಗೆ ತಾನೇ ತಪ್ಪುತ್ತದೆ. ನೆನಪಿನಿಂದ ಮನುಷ್ಯ ಆಗುವುದಿಲ್ಲ ಎಂದು ಇಷ್ಟು ಹೊತ್ತು ವಾದಿಸಿ, ನಾಯಕನ ಗೆಲುವನ್ನು ಮಾತ್ರ ಶ್ರೇಬರ್ ಚುಚ್ಚಿದ ನೆನಪಿನ ಮೇಲೆಯೇ ನಿಲ್ಲಿಸುತ್ತದೆ. ಕಲಿಯಬೇಕಾದ ವಿದ್ಯೆಯೆಲ್ಲ ಒಂದೇ ಸೂಜಿಯಲ್ಲಿ ತಲೆಗೇರುತ್ತದೆ. ಅನಂತರದ ಮನೋಬಲದ ಕಾದಾಟ ಬರೀ ಅಬ್ಬರ. ಕೊಲೆಯಾದ ಹೆಂಗಸರ ವಿಷಯದಲ್ಲೂ ಚಿತ್ರಕ್ಕೆ ಕುತೂಹಲವಿಲ್ಲ; ಅವರು ಸುರುಳಿ ಬರೆದ ಹೆಣಗಳಾಗಿಯೇ ಉಳಿಯುತ್ತಾರೆ. ನೊಂದವರನ್ನು ಮರೆತ ತನಿಖೆ ಅರ್ಧ ತನಿಖೆ.

ಈ ಕೊರತೆಗಳ ನಡುವೆಯೂ ಮುಕ್ತಾಯದ ಒಂದು ನಿರ್ಧಾರ ಚಿತ್ರವನ್ನು ಮೇಲೆತ್ತುತ್ತದೆ. ಎಮ್ಮಾ ಈಗ ಅನ್ನಾ ಎಂಬ ಹೊಸ ಹೆಸರಿನವಳು, ಗಂಡನ ಗುರುತಿಲ್ಲದವಳು. ಊರಿನ ಯಂತ್ರವೆಲ್ಲ ವಶದಲ್ಲಿದ್ದರೂ ಮರ್ಡಾಕ್ ಅವಳ ನೆನಪಿಗೆ ಕೈಹಾಕುವುದಿಲ್ಲ; ಅಪರಿಚಿತನಾಗಿಯೇ ಮಾತಿಗಿಳಿಯುತ್ತಾನೆ. ಅವನಿಗೂ ಅವನನ್ನು ಆಳಿದವರಿಗೂ ಇರುವ ವ್ಯತ್ಯಾಸ ಅದು.

ಬಿಡುಗಡೆಯಾದಾಗ ಚಿತ್ರ ಹಣ ಗಳಿಸಲಿಲ್ಲ. ವಿಮರ್ಶಕ ರೋಜರ್ ಈಬರ್ಟ್ ಮಾತ್ರ ಅದನ್ನು 1998ರ ಅತ್ಯುತ್ತಮ ಚಿತ್ರವೆಂದು ಸಾರಿದರು. ಸಿಡ್ನಿಯಲ್ಲಿ ಇದಕ್ಕಾಗಿ ಕಟ್ಟಿದ ಸೆಟ್‌ಗಳಲ್ಲಿ ಕೆಲವನ್ನು ಮರುವರ್ಷದ ‘ದಿ ಮೇಟ್ರಿಕ್ಸ್’ ಬಳಸಿಕೊಂಡಿತು. ಜಗತ್ತೇ ಹುಸಿ ಎಂಬ ವಸ್ತುವಿನ ಕೀರ್ತಿಯೂ ಬಹುಪಾಲು ಅದಕ್ಕೇ ಸಂದಿತು. ಒಳಗಿನ ನೋವಿನ ಲೆಕ್ಕದಲ್ಲಿ ‘ಡಾರ್ಕ್ ಸಿಟಿ’ಯೇ ದೊಡ್ಡ ಚಿತ್ರವೆಂದು ನನ್ನ ತೀರ್ಮಾನ. ನೋಡುವುದಾದರೆ 2008ರ ನಿರ್ದೇಶಕರ ಆವೃತ್ತಿಯನ್ನೇ ನೋಡಿ. ಪ್ರೇಕ್ಷಕರಿಗೆ ಅರ್ಥವಾಗದೆಂಬ ಅಂಜಿಕೆಯಿಂದ ಮೊದಲ ಆವೃತ್ತಿಗೆ ಸೇರಿಸಿದ್ದ ಆರಂಭದ ವಿವರಣೆ ಗುಟ್ಟನ್ನು ಮೊದಲ ನಿಮಿಷದಲ್ಲೇ ಬಿಟ್ಟುಕೊಡುತ್ತದೆ. ಈ ಆವೃತ್ತಿಯಲ್ಲಿ ಅದಿಲ್ಲ.