ವರದಿಗೆ ಅಧಿಕಾರಿ ಯಾರು?

ಶಾಸ್ತ್ರಗ್ರಂಥವನ್ನು ರಚಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಗ್ರಂಥಾರಂಭದಲ್ಲಿಯೇ ನಿರೂಪಿಸತಕ್ಕದ್ದೆಂಬುದು ವಿದ್ವಜ್ಜನರಿಗೆ ವಿದಿತವಾದುದೇ ಆಗಿದೆ. ಇವುಗಳಲ್ಲಿ ಕಡೆಯದಾದ ‘ಅಧಿಕಾರಿ’ ಎಂಬ ಶಬ್ದಕ್ಕೆ, ಆ ಗ್ರಂಥವನ್ನು ಓದಲು ಅರ್ಹನಾದವನು, ಅದರ ಫಲಕ್ಕೆ ಭಾಗಿಯಾಗತಕ್ಕವನು ಎಂದು ಅರ್ಥ. ವ್ಯವಹಾರದ ಕನ್ನಡದಲ್ಲಿಯಾದರೋ ಈ ಶಬ್ದವು ಸರ್ಕಾರದ ಉದ್ಯೋಗಸ್ಥನಲ್ಲಿ ರೂಢವಾಗಿಬಿಟ್ಟಿದೆ. ಪ್ರಜೆಗಳ ಹಣದಿಂದ ಸರ್ಕಾರವು ಬರೆಯಿಸಿ ಅಚ್ಚು ಹಾಕಿಸುವ ವರದಿಗಳಿಗೆ ಈ ಎರಡು ಅರ್ಥಗಳಲ್ಲಿ ಯಾವ ಅರ್ಥದ ಅಧಿಕಾರಿಯು ಉದ್ದಿಷ್ಟನು ಎಂಬುದೇ ಪ್ರಕೃತ ಲೇಖನದ ವಿಚಾರ.

ಈ ವಿಚಾರಕ್ಕೆ ನಮ್ಮನ್ನು ಎಳೆದವನು ನಮ್ಮ ಶಿಷ್ಯನೊಬ್ಬನು. ಅವನ ಊರು ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಅಲ್ಲಮಪ್ರಭುವಿನ ಗುಡಿಯಿರುವ ಗೂಗಲ್. ಒಂದು ದಿನ ಪಾಠ ಮುಗಿದ ಮೇಲೆ ಅವನು ವೃತ್ತಪತ್ರಿಕೆಯೊಂದನ್ನು ಮುಂದಿಟ್ಟು, “ಗುರುಗಳ, ‘ಅತಿ’ ಅಂದ್ರ ಹೆಚ್ಚೋ, ‘ಅತ್ಯಂತ’ ಅಂದ್ರ ಹೆಚ್ಚೋ? ನಮ್ಮ ತಾಲ್ಲೂಕು ಯಾವುದರಾಗ ಬಂದದ, ತಿಳೀವಲ್ದು” ಎಂದು ಕೇಳಿದನು. ಪತ್ರಿಕೆಯಲ್ಲಿದ್ದುದು ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯ ವರದಿಯ ವರ್ಗೀಕರಣ. ವ್ಯಾಕರಣವನ್ನು ಓದಿದವನಿಗೇ ಸಂದೇಹ ತರುವ ಪದಗಳು ಓದದವನಿಗೆ ಏನನ್ನು ತಿಳಿಸಬಲ್ಲವು? ಅಂದಿನಿಂದ ಈ ಪ್ರಶ್ನೆಯು ನಮ್ಮನ್ನು ಬಿಟ್ಟಿಲ್ಲ.

ಸರ್ಕಾರದ ಬರಹವು ಸಾಹಿತ್ಯವಿಮರ್ಶೆಗೆ ವಿಷಯವಲ್ಲವೆಂದು ಕೆಲವರು ಶಂಕಿಸಬಹುದು. ನಮ್ಮ ಪೂರ್ವಿಕರಿಗೆ ಈ ಶಂಕೆ ಇರಲಿಲ್ಲ. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ರಾಜಶಾಸನದ ಬರವಣಿಗೆಗೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಗುಣಗಳನ್ನೂ ಅವಕ್ಕೆ ಎದುರಾದ ದೋಷಗಳನ್ನೂ ಎಣಿಸಿರುವನು. ಇವುಗಳಲ್ಲಿ ಸ್ಪಷ್ಟತ್ವವೆಂದರೆ ಜನರಿಗೆ ಪರಿಚಿತವಾದ ಶಬ್ದಗಳನ್ನೇ ಬಳಸುವುದೆಂದು ಅವನ ಅಭಿಪ್ರಾಯ. ಆ ಗ್ರಂಥವು ಲೋಕಕ್ಕೆ ದೊರೆತುದೂ ಸರ್ಕಾರದ ಆಶ್ರಯದಿಂದಲೇ. ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ 1905ರಲ್ಲಿ ಬಂದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರು. ಆದಕಾರಣ ರಾಜಶಾಸನವನ್ನು ಗುಣದೋಷಗಳಿಂದ ತೂಗುವುದು ನಮಗೆ ಪರಂಪರೆಯಿಂದ ಬಂದ ಕಾರ್ಯವೇ ಹೊರತು ಹೊಸ ಸಾಹಸವಲ್ಲ.

ರಾಯಚೂರು ಜಿಲ್ಲೆಯು ಈ ಪರೀಕ್ಷೆಗೆ ಅತ್ಯಂತ ಯೋಗ್ಯವಾದ ಕ್ಷೇತ್ರವಾಗಿದೆ. ಪ್ರಭುತ್ವವು ಪ್ರಜೆಗಳನ್ನು ಉದ್ದೇಶಿಸಿ ಪ್ರಕಟಿಸಿದ ಬರಹಗಳಲ್ಲಿ ನಮ್ಮ ನಾಡಿಗೆ ಅತಿ ಪ್ರಾಚೀನವಾದವು ಅಶೋಕನ ಧರ್ಮಲಿಪಿಗಳು. ಅವುಗಳಲ್ಲೊಂದು ಈ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಅದನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಲಿಪಿಗಳಲ್ಲಿ ದೊರೆಗೆ ಬಿರುದುಗಳು ಮಾತ್ರವೇ ಇದ್ದವು. ಅಶೋಕನೆಂಬ ಹೆಸರು ಕಾಣಿಸಿದ್ದು ಮಸ್ಕಿಯಲ್ಲಿಯೇ ಮೊದಲು. ಗುಜರಾ, ನಿಟ್ಟೂರು, ಉಡೇಗೋಳಗಳ ಲಿಪಿಗಳಲ್ಲಿ ಅದೇ ಹೆಸರು ದೊರೆತುದು ಅನಂತರದ ಮಾತು.

ಇತಿಹಾಸಕಾರರು ಆ ಹೆಸರನ್ನು ಕೊಂಡಾಡಿದರು, ಅದು ಯುಕ್ತವೇ. ನಮ್ಮ ದೃಷ್ಟಿಯು ಮಾತ್ರ ಅದರ ಕೊನೆಯ ಭಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಸಣ್ಣವರಿಗೂ ದೊಡ್ಡವರಿಗೂ ಈ ಮಾತನ್ನು ತಿಳಿಯಹೇಳಬೇಕೆಂಬ ಅಭಿಪ್ರಾಯವಿದೆ. ಇದೇ ಅಧಿಕಾರಿನಿರ್ದೇಶ. ಈ ಬರಹವು ಯಾರಿಗಾಗಿ ಎಂಬುದನ್ನು ಬರಹವೇ ಹೇಳಿಕೊಂಡಿದೆ. ಕನ್ನಡ ನೆಲದಲ್ಲಿ ಪ್ರಾಕೃತದ ಲಿಪಿಯನ್ನು ಎಷ್ಟು ಜನ ಓದಬಲ್ಲವರಾಗಿದ್ದರು ಎಂದು ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ಆದರೆ ಅಶೋಕನಿಗೂ ಬಂಡೆಯೊಂದರಿಂದಲೇ ಕಾರ್ಯವಾಗದೆಂಬ ಅರಿವು ಇದ್ದಿತು. ಕಳಿಂಗದ ಧೌಲಿ ಮತ್ತು ಜೌಗಡದ ಪ್ರತ್ಯೇಕ ಲಿಪಿಗಳಲ್ಲಿ, ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಲಿಪಿಯನ್ನು ಕೇಳಿಸಬೇಕು, ಕೇಳುವವನು ಒಬ್ಬನೇ ಇದ್ದರೂ ಕೇಳಿಸಬೇಕು ಎಂದು ಅವನು ವಿಧಿಸಿರುವನು. ಓದುಬಲ್ಲವನ ಮುಂದೆ ಇಡುವುದು ಒಂದು, ಓದಲಾರದವನ ಕಿವಿಗೆ ಮುಟ್ಟಿಸುವುದು ಮತ್ತೊಂದು. ಮೊದಲನೆಯದು ಪ್ರಕಟನೆ, ಎರಡನೆಯದೂ ಕೂಡಿದಾಗಲೇ ಅದು ಲೋಕಾರ್ಪಣೆಯಾಗುವುದು.

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಬಂಡೆಯ ಮೇಲಣ ಲಿಪಿಯನ್ನು ಕುರಿತು ಆಧುನಿಕ ಸರ್ಕಾರವು ಪ್ರಕಟಿಸಿದ ವರದಿಯನ್ನು ನೋಡೋಣ. ಅಂದು ರಾಯಚೂರು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಎಚ್. ಕೃಷ್ಣಶಾಸ್ತ್ರಿಗಳು ಮಸ್ಕಿಯ ಲಿಪಿಯನ್ನು ಸಂಪಾದಿಸಿದರು. ಅದು ಹೈದರಾಬಾದು ಪುರಾತತ್ತ್ವ ಮಾಲೆಯ ಮೊದಲನೆಯ ಸಂಚಿಕೆಯಾಗಿ 1915ರಲ್ಲಿಯೇ ಹೊರಬಿದ್ದಿತು. ಶೋಧವಾದ ವರ್ಷದಲ್ಲಿಯೇ ಸಂಪಾದನೆಯೂ ಮುದ್ರಣವೂ ನಡೆದುದು ಇಂದಿನವರೂ ಮೆಚ್ಚತಕ್ಕ ಸಂಗತಿ. ಪಾಠದೊಡನೆ ಬಂಡೆಯ ಛಾಯೆಯನ್ನೂ ಕೊಟ್ಟುದರಿಂದ ಬೇರೆ ವಿದ್ವಾಂಸರು ಆ ಪಾಠವನ್ನು ತಾವೇ ಪರೀಕ್ಷಿಸಲು ಅವಕಾಶವಾಯಿತು. ಸಂಶೋಧನೆಯ ಪ್ರಾಮಾಣ್ಯವು ಇಂಥ ಅವಕಾಶದಿಂದಲೇ ನಿಲ್ಲುತ್ತದೆ. ಆದರೆ ಲಿಪಿಯು ಪ್ರಾಕೃತ, ವರದಿಯು ಇಂಗ್ಲಿಷು, ಸಂಸ್ಥಾನದ ಆಡಳಿತಭಾಷೆಯು ಉರ್ದು. ಬಂಡೆಯ ಸುತ್ತಣ ಜನರ ನುಡಿಯಾದ ಕನ್ನಡಕ್ಕೆ ಈ ಮೂರರಲ್ಲಿಯೂ ಸ್ಥಾನವಿರಲಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕೆಂದ ಬರಹವನ್ನು ಕುರಿತ ವರದಿಯು ದೊಡ್ಡವರಲ್ಲಿಯೂ ಕೆಲವರಿಗೆ ಮಾತ್ರ ಮುಟ್ಟಿತು.

ಇದಕ್ಕೆ ಪ್ರತಿಯಾಗಿ ಮೈಸೂರು ಸರ್ಕಾರದ ‘ಎಪಿಗ್ರಾಫಿಯ ಕರ್ನಾಟಿಕ’ವನ್ನು ನಿಲ್ಲಿಸಿ ನೋಡಬಹುದು. ಬಿ. ಎಲ್. ರೈಸರ ಆಡಳಿತದಲ್ಲಿ 1886ರಿಂದ 1905ರವರೆಗೆ ಹೊರಬಂದ ಅದರ ಹನ್ನೆರಡು ಸಂಪುಟಗಳಲ್ಲಿಯೂ ಪೀಠಿಕೆ ಮತ್ತು ಅನುವಾದಗಳು ಇಂಗ್ಲಿಷಿನಲ್ಲಿಯೇ ಇದ್ದವು. ಆದರೆ ಶಾಸನಗಳ ಮೂಲಪಾಠವು ಕನ್ನಡ ಅಕ್ಷರಗಳಲ್ಲಿಯೂ ಅಚ್ಚಾಯಿತು. ಇಷ್ಟೊಂದು ವ್ಯತ್ಯಾಸದ ಫಲವು ದೊಡ್ಡದು. ಇಂಗ್ಲಿಷನ್ನರಿಯದ ಕನ್ನಡ ಪಂಡಿತನೂ ತನ್ನ ಊರಿನ ಶಾಸನವನ್ನು ತಾನೇ ಓದಿ, ತಪ್ಪಿದ್ದಲ್ಲಿ ತಿದ್ದಲು ಸಾಧ್ಯವಾಯಿತು. ಆರ್. ನರಸಿಂಹಾಚಾರ್ಯರ ‘ಕರ್ನಾಟಕ ಕವಿಚರಿತೆ’ಯ ಮೊದಲನೆಯ ಸಂಪುಟವು 1907ರಲ್ಲಿ ಬಂದಾಗ, ಕವಿಗಳ ಕಾಲವನ್ನು ಗೊತ್ತುಪಡಿಸಲು ಶಾಸನಗಳು ಎಷ್ಟು ನೆರವಾದುವೆಂಬುದನ್ನು ಅದನ್ನು ಪಾಠಹೇಳುವ ಉಪಾಧ್ಯಾಯರೆಲ್ಲರೂ ಬಲ್ಲರು. ಸರ್ಕಾರದ ವರದಿಯಲ್ಲಿ ಕನ್ನಡಕ್ಕೆ ಒಂದು ಅಂಕಣವನ್ನು ಕೊಟ್ಟುದರಿಂದ ಸರ್ಕಾರಕ್ಕೆ ನಷ್ಟವೇನೂ ಆಗಲಿಲ್ಲ. ನಾಡಿನ ವಿದ್ಯೆಗಾದರೋ ಲಾಭವಾಯಿತು.

ಇನ್ನು ಶಿಷ್ಯನ ಪ್ರಶ್ನೆಗೆ ಬರೋಣ. ಪ್ರಾದೇಶಿಕ ಅಸಮತೋಲನವನ್ನು ನಿವಾರಿಸುವ ಮಾರ್ಗಗಳನ್ನು ಸೂಚಿಸಲು ಕರ್ನಾಟಕ ಸರ್ಕಾರವು 2000ನೆಯ ವರ್ಷದಲ್ಲಿ ಅರ್ಥಶಾಸ್ತ್ರಜ್ಞರಾದ ನಂಜುಂಡಪ್ಪನವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿಯನ್ನು ನೇಮಿಸಿತು. 2002ರ ಜೂನಿನಲ್ಲಿ ವರದಿಯು ಸಲ್ಲಿತು. ಅಂದಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, ರಾಜ್ಯದ ಸರಾಸರಿಯನ್ನು ಒಂದು ಎಂದಿಟ್ಟು, ಅದಕ್ಕಿಂತ ಕಡಮೆಯಾದ 114 ತಾಲ್ಲೂಕುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು: ಹಿಂದುಳಿದವು 35, ಅತಿ ಹಿಂದುಳಿದವು 40, ಅತ್ಯಂತ ಹಿಂದುಳಿದವು 39. ದೇವದುರ್ಗವು ಕಡೆಯ ವರ್ಗಕ್ಕೆ ಸೇರಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳನ್ನು ವಿನಿಯೋಗಿಸಬೇಕೆಂದೂ, ಅದರಲ್ಲಿ 16,000 ಕೋಟಿಯು ಹೆಚ್ಚುವರಿಯಾಗಿರಬೇಕೆಂದೂ ಸಮಿತಿಯು ಸಲಹೆಯಿತ್ತಿತು.

ಈ ವರದಿಯಲ್ಲಿ ಅರ್ಥಕ್ರಮವೂ ಸಂಬಂಧವೂ ಇವೆ. ರೋಗವನ್ನು ಹೇಳಿ, ನಿದಾನವನ್ನು ವಿವರಿಸಿ, ಚಿಕಿತ್ಸೆಯನ್ನೂ ಅದರ ವೆಚ್ಚವನ್ನೂ ಸೂಚಿಸಿರುವುದರಿಂದ ಪರಿಪೂರ್ಣತೆಯೂ ಉಂಟು. ತನ್ನನ್ನು ನೇಮಿಸಿದ ಸರ್ಕಾರಕ್ಕೇ ಅದರ ಕೊರತೆಗಳನ್ನು ಅಂಕೆಗಳಲ್ಲಿ ತೋರಿಸಿಕೊಟ್ಟುದು ಸಾಮಾನ್ಯವಾದ ಧೈರ್ಯವಲ್ಲ. ಲೋಪವಿರುವುದು ಸ್ಪಷ್ಟತ್ವದಲ್ಲಿ. ಮೂಲವು ಇಂಗ್ಲಿಷಿನಲ್ಲಿದೆ, ಆ ಭಾಷೆಯ ತರ-ತಮಗಳ ಮೂರು ಮೆಟ್ಟಿಲುಗಳು ಅಲ್ಲಿ ಸ್ಪಷ್ಟವಾಗಿವೆ. ಕನ್ನಡಕ್ಕೆ ಬರುವಾಗ ಆ ಮೆಟ್ಟಿಲುಗಳು ಕುಸಿದಿವೆ. ‘ಅತಿ’ ಎಂದರೆ ಮಿತಿಯನ್ನು ಮೀರಿದುದು. ‘ಅತ್ಯಂತ’ ಎಂದರೆ ಅಂತವನ್ನೇ ಮೀರಿದುದು. ಇವೆರಡರಲ್ಲಿ ಒಂದು ಕೆಳಗಣದು, ಮತ್ತೊಂದು ಅದಕ್ಕೂ ಕೆಳಗಣದು ಎಂಬ ಕ್ರಮವು ಕೇಳಿದವನಿಗೆ ತಾನಾಗಿ ಹೊಳೆಯದು. ಹಿಂದಿರುವವು, ಇನ್ನೂ ಹಿಂದಿರುವವು, ಎಲ್ಲಕ್ಕೂ ಹಿಂದಿರುವವು ಎಂದಿದ್ದರೆ ಗೂಗಲ್ಲಿನ ಒಕ್ಕಲಿಗನು ಯಾರನ್ನೂ ಕೇಳದೆ ತಿಳಿಯುತ್ತಿದ್ದನು.

ಅದಕ್ಕಿಂತ ಸೂಕ್ಷ್ಮವಾದ ದೋಷವು ‘ಹಿಂದುಳಿದ’ ಎಂಬ ಕ್ರಿಯಾರೂಪದಲ್ಲಿಯೇ ಇದೆ. ಉಳಿ ಎಂಬುದು ಅಕರ್ಮಕಧಾತು. ಉಳಿದವನೇ ಅದಕ್ಕೆ ಕರ್ತೃ. ಊರು ತಾನಾಗಿಯೇ ಹಿಂದೆ ನಿಂತಿತೆಂಬಂತೆ ಆ ಪದವು ನುಡಿಯುತ್ತದೆ. ಬಿಟ್ಟುಹೋದವರು ಯಾರೆಂಬ ಪ್ರಶ್ನೆಗೆ ವಾಕ್ಯದಲ್ಲಿ ಸ್ಥಳವೇ ಇಲ್ಲ. ಸರ್ಕಾರವು ಹೆಚ್ಚುವರಿ ಹಣವನ್ನು ಕೊಡತಕ್ಕದ್ದೆಂದು ಹೇಳುವ ವರದಿಯು ಬಿಟ್ಟುಹೋದವರ ಹೊಣೆಯನ್ನು ಒಪ್ಪಿಕೊಂಡಂತೆಯೇ ಆಯಿತು. ವರದಿಯ ಅರ್ಥವು ಒಂದು ದಾರಿ ಹಿಡಿದಿದೆ, ಶಬ್ದವು ಮತ್ತೊಂದು ದಾರಿ ಹಿಡಿದಿದೆ. ಜನರ ಬಾಯಲ್ಲಿ ಉಳಿದುದು ಶಬ್ದವೇ. ಎರಡು ದಶಕಗಳಿಗೂ ಮೇಲ್ಪಟ್ಟು ಆ ನಾಡಿನ ಮಕ್ಕಳು ತಮ್ಮ ಊರಿನ ವಿಶೇಷಣವಾಗಿ ಅದನ್ನೇ ಕೇಳುತ್ತ ಬೆಳೆದಿರುವರು.

ಅಂಕೆಗಳ ವಿಷಯದಲ್ಲಿಯೂ ಒಂದು ಮಾತುಂಟು. ತಾಲ್ಲೂಕನ್ನು ಒಂದೇ ಸಂಖ್ಯೆಯಿಂದ ಅಳೆದಾಗ, ಕೃಷ್ಣೆಯು ಮನೆಬಾಗಿಲಿನಲ್ಲಿ ಹರಿಯುವ ಗೂಗಲ್ಲೂ, ನದಿಯಿಂದ ದೂರವಿರುವ ಒಣಭೂಮಿಯ ಹಳ್ಳಿಯೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. ರಾಜ್ಯವನ್ನೆಲ್ಲ ತೂಗುವವನಿಗೆ ಇದು ಅನಿವಾರ್ಯ, ದೋಷವೆನ್ನಲಾಗದು. ಆದರೆ ಆ ಸಂಖ್ಯೆಯು ಹೇಗೆ ಬಂದಿತು, ತಮ್ಮ ಊರಿನ ಶಾಲೆ, ಬಾವಿ, ರಸ್ತೆಗಳಲ್ಲಿ ಯಾವುದು ಅದರೊಳಗೆ ಸೇರಿತು ಎಂಬುದನ್ನು ಊರಿನವರು ತಾವೇ ಪರೀಕ್ಷಿಸುವಂತಿರಬೇಕು. ಮಸ್ಕಿಯ ಬಂಡೆಯ ಛಾಯೆಯನ್ನು ವಿದ್ವಾಂಸರ ಮುಂದಿಟ್ಟಂತೆ, ಊರಿನ ಲೆಕ್ಕವನ್ನು ಊರಿನವರ ಮುಂದಿಡುವುದೇ ಇಲ್ಲಿ ಪ್ರಾಮಾಣ್ಯಕ್ಕೆ ಆಧಾರ.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನುವನು: ಗಣಿತದಿಂದ ತುಂಬಿದ ವಿಷಯವು ಕನ್ನಡಕ್ಕೆ ಒಗ್ಗದು, ಒಗ್ಗಿಸಿದರೂ ಹಳ್ಳಿಯವನಿಗೆ ತಿಳಿಯದು. ಮೊದಲನೆಯ ಮಾತಿಗೆ ನಮ್ಮ ಸಾಹಿತ್ಯವೇ ಉತ್ತರ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕೃಷಿ, ಜಲಶೋಧನೆ, ವೈದ್ಯ ಮೊದಲಾದ ವಿಷಯಗಳನ್ನು ‘ಲೋಕೋಪಕಾರ’ದಲ್ಲಿ ಕನ್ನಡದಲ್ಲಿಯೇ ಬರೆದನು, ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ಎರಡನೆಯ ಮಾತಿನಲ್ಲಿ ಸತ್ಯಾಂಶವಿದೆ, ಮತ್ತು ಅದಕ್ಕೆ ಹೊಣೆ ನಮ್ಮಂಥವರೇ. ‘ಸಮಗ್ರ ಸಂಯುಕ್ತ ಅಭಿವೃದ್ಧಿ ಸೂಚ್ಯಂಕ’ ಎಂಬಂಥ ಸಮಾಸವನ್ನು ಕಟ್ಟಿಕೊಡುವ ಪಂಡಿತನು ಇಂಗ್ಲಿಷಿನ ಗೋಡೆಯನ್ನು ಕೆಡವಿ ಸಂಸ್ಕೃತದ ಗೋಡೆಯನ್ನು ಎಬ್ಬಿಸಿದನೇ ಹೊರತು ಬಾಗಿಲನ್ನು ತೆರೆಯಲಿಲ್ಲ. ನಾವೂ ಇಂಥ ಪದಗಳನ್ನು ಮಾಡಿಕೊಟ್ಟವರೇ ಆದುದರಿಂದ ಇದನ್ನು ಪರದೋಷವೆಂದು ಹೇಳುತ್ತಿಲ್ಲ.

ನಾವು ಬಯಸುವುದು ಹೊಸದೇನೂ ಅಲ್ಲ. 2005ರ ಮಾಹಿತಿ ಹಕ್ಕು ಅಧಿನಿಯಮದ ನಾಲ್ಕನೆಯ ಪ್ರಕರಣವು, ಸರ್ಕಾರದ ಮಾಹಿತಿಯನ್ನು ಹರಡುವಾಗ ಸ್ಥಳೀಯ ಭಾಷೆಯನ್ನೂ, ಆಯಾ ಪ್ರದೇಶಕ್ಕೆ ಹೆಚ್ಚು ಪರಿಣಾಮಕರವಾದ ರೀತಿಯನ್ನೂ ಗಮನಿಸಬೇಕೆಂದು ವಿಧಿಸುತ್ತದೆ. ಸೂಚನಾಫಲಕ, ವೃತ್ತಪತ್ರಿಕೆಗಳೊಡನೆ ಸಾರ್ವಜನಿಕವಾಗಿ ಸಾರುವುದನ್ನೂ ಎಣಿಸುತ್ತದೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371ಜೆ ಅನುಚ್ಛೇದದಲ್ಲಿ, ರಾಯಚೂರನ್ನೊಳಗೊಂಡ ಆ ಪ್ರದೇಶದ ಅಭಿವೃದ್ಧಿ ಮಂಡಲಿಯ ಕಾರ್ಯವನ್ನು ಕುರಿತ ವರದಿಯನ್ನು ಪ್ರತಿವರ್ಷವೂ ವಿಧಾನಸಭೆಯ ಮುಂದಿಡುವ ಮಾತಿದೆ. ಸಭೆಯ ಮುಂದಿಟ್ಟುದನ್ನೇ ತಿಳಿಗನ್ನಡದಲ್ಲಿ ಗ್ರಾಮಸಭೆಯ ಮುಂದೆಯೂ ಓದಿಸಬೇಕು; ತಾಲ್ಲೂಕಿಗೊಂದು ಅಧ್ಯಾಯವಿದ್ದು, ಲೆಕ್ಕದ ಬಗೆಯು ಅದರಲ್ಲಿ ವಿವರವಾಗಿರಬೇಕು. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾದುದರಿಂದ ಈ ವಿಚಾರಕ್ಕೆ ಪ್ರಕೃತತೆಯು ಹೆಚ್ಚಿದೆ.

ವಿದ್ವತ್ಸಂಸ್ಥೆಗಳಿಗೂ ಇಲ್ಲಿ ಕರ್ತವ್ಯವುಂಟು. ಕಾವ್ಯಗಳನ್ನು ವಿಮರ್ಶಿಸುವಂತೆಯೇ, ಮುಖ್ಯವಾದ ಸರ್ಕಾರೀ ವರದಿಗಳ ಕನ್ನಡವನ್ನೂ ಪರೀಕ್ಷಿಸಿ ಗುಣದೋಷಗಳನ್ನು ಪ್ರಕಟಿಸುವ ಪದ್ಧತಿಯನ್ನು ಇಂಥ ಪತ್ರಿಕೆಗಳು ಆರಂಭಿಸಬೇಕೆಂದು ಸೂಚಿಸುತ್ತೇವೆ. ಕೌಟಿಲ್ಯನ ಆರು ಗುಣಗಳು ಅದಕ್ಕೆ ಒರೆಗಲ್ಲಾಗಲು ಸಾಕು.

ಶಿಷ್ಯನಿಗೆ ಅಂದು ನಾವು, “ಅತ್ಯಂತವೇ ಹೆಚ್ಚಪ್ಪಾ, ನಿಮ್ಮದು ಅದರಲ್ಲಿದೆ” ಎಂದೆವು. ಅವನು, “ಹಂಗಾದ್ರ ಅದನ್ನ ನಮಗ ಹೇಳಬೇಕಿತ್ತಲ್ರಿ” ಎಂದನು. ವರದಿಗೆ ಅಧಿಕಾರಿ ಯಾರೆಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಸಿದ್ಧಾಂತವನ್ನು ನಾವು ಅರಿಯೆವು.